ಹುಳು ಕಲಿಸಿದ ಪಾಠ

ಜಂತುಹುಳುವೆಂದರೆ ಯಾರಿಗೆ ತಾನೆ ಹೇಸಿಗೆಯಾಗದು? ಪರರ ಕರುಳಿನಲ್ಲಿ ಮನೆಮಾಡಿ, ಅವರುಂಡ ಅನ್ನದಲ್ಲಿ ಪಾಲು ಪಡೆದು ಬದುಕುವ ಜೀವಿ ಅದು. ಆದರೆ ವಿಜ್ಞಾನಿಯ ಕಣ್ಣಿಗೆ ಸೃಷ್ಟಿಯಲ್ಲಿ ಮೇಲುಕೀಳೆಂಬ ಭೇದವಿಲ್ಲ. ತಾಯಿತಂದೆಗಳ ಗುಣಗಳು ಮಕ್ಕಳಿಗೆ ಬರುವ ಬಗೆಯನ್ನು ಮನುಷ್ಯನಿಗೆ ತೋರಿಸಿಕೊಟ್ಟ ಗುರುಗಳ ಸಾಲಿನಲ್ಲಿ ಕುದುರೆಯ ಕರುಳಿನ ದುಂಡುಹುಳುವೂ ಸೇರಿದೆ.

ಜೀವಕೋಶದ ಕೇಂದ್ರದಲ್ಲಿ ದಾರದಂತಹ ವರ್ಣತಂತುಗಳಿವೆ. ದೇಹವನ್ನು ಕಟ್ಟಲು ಬೇಕಾದ ಆದೇಶಗಳು, ಅಂದರೆ ಜೀನುಗಳು, ಅವುಗಳಲ್ಲಿ ಸಾಲಾಗಿ ಅಡಗಿವೆ. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳು. ಹಿಂದಿನ ಸೂಕ್ಷ್ಮದರ್ಶಕಗಳಲ್ಲಿ ಅಷ್ಟನ್ನು ಬಿಡಿಬಿಡಿಯಾಗಿ ಎಣಿಸುವುದು ಸುಲಭವಾಗಿರಲಿಲ್ಲ. ಕುದುರೆಯ ದುಂಡುಹುಳುವಿನಲ್ಲಾದರೋ ಅವು ಎರಡು ಅಥವಾ ನಾಲ್ಕೇ, ಗಾತ್ರವೂ ದೊಡ್ಡದು. 1883ರಲ್ಲಿ ಬೆಲ್ಜಿಯಂ ದೇಶದ ಎಡ್ವರ್ಡ್ ವಾನ್ ಬೆನೆಡೆನ್ ಎಂಬ ವಿಜ್ಞಾನಿ ಈ ಹುಳುವಿನ ಫಲಿತ ಅಂಡವನ್ನು ಪರೀಕ್ಷಿಸಿ, ಅದರ ವರ್ಣತಂತುಗಳಲ್ಲಿ ಅರ್ಧ ತಾಯಿಯಿಂದಲೂ ಅರ್ಧ ತಂದೆಯಿಂದಲೂ ಬಂದವೆಂದು ತೋರಿಸಿದನು.

1887ರಲ್ಲಿ ಜರ್ಮನಿಯ ತಿಯೊಡೋರ್ ಬೊವೇರಿ ಅದೇ ಹುಳುವಿನಲ್ಲಿ ಮತ್ತೊಂದು ಸೋಜಿಗವನ್ನು ಕಂಡನು. ಭ್ರೂಣ ಬೆಳೆಯುವಾಗ, ಮುಂದೆ ಚರ್ಮ, ಕರುಳು, ಸ್ನಾಯುಗಳಾಗುವ ಕೋಶಗಳಲ್ಲಿ ವರ್ಣತಂತುಗಳು ತುಂಡಾಗುತ್ತವೆ. ತುದಿಯ ಭಾಗಗಳು ಕಳಚಿ ನಾಶವಾಗುತ್ತವೆ. ಅಂಡ, ವೀರ್ಯಾಣುಗಳನ್ನು ಕೊಡುವ ಕೋಶಗಳು ಮಾತ್ರ ತಮ್ಮ ತಂತುಗಳನ್ನು ಇಡಿಯಾಗಿ ಕಾಯ್ದುಕೊಳ್ಳುತ್ತವೆ. ಬಿತ್ತನೆಯ ಭತ್ತವನ್ನು ಸಿಪ್ಪೆಸಹಿತ ಕಾದಿರಿಸಿ, ಊಟದ ಭತ್ತವನ್ನು ಕುಟ್ಟಿ ಕೇರುವ ರೈತನ ಮನೆಯ ಪದ್ಧತಿಯಂತಿದೆ ಇದು!

ಹಾಗಾದರೆ ಕಳೆದುಹೋಗುವುದು ಬರಿಯ ಹೊಟ್ಟೇ? ಈ ಪ್ರಶ್ನೆಗೆ ಉತ್ತರ ದೊರೆಯಲು ನೂರಕ್ಕೂ ಮಿಕ್ಕಿದ ವರ್ಷಗಳು ಬೇಕಾದವು. ವರ್ಣತಂತುವಿನಲ್ಲಿರುವ ಡಿಎನ್‌ಎ ನಾಲ್ಕೇ ಅಕ್ಷರಗಳ ಬರಹದಂತೆ. ಜೀವಿಯೊಂದರ ಆ ಬರಹವೆಲ್ಲ ಸೇರಿದರೆ ಅದರ ಜೀನೋಮ್. ಅದನ್ನು ಅಕ್ಷರ ಅಕ್ಷರವಾಗಿ ಓದುವ ವಿದ್ಯೆ ಕೈಗೂಡಿದ ಮೇಲೆ, ವಿಜ್ಞಾನಿಗಳು ಹಂದಿಯ ದುಂಡುಹುಳುವಿನ ಇಡಿಯ ತಂತುಗಳನ್ನೂ ಕಳಚಿದ ತಂತುಗಳನ್ನೂ ಹೋಲಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ ಜೀನೋಮಿನ ನೂರಕ್ಕೆ ಸುಮಾರು 13 ಭಾಗ ಕಳೆದುಹೋಗುತ್ತದೆ. ಅದರಲ್ಲಿ ಬಹುಪಾಲು ಒಂದೇ ಮಾತನ್ನು ಮತ್ತೆ ಮತ್ತೆ ಬರೆದಂತಹ ಪುನರಾವೃತ್ತಿ. ಆದರೆ ಸುಮಾರು 700 ಜೀನುಗಳೂ ಅದರಲ್ಲಿದ್ದವು! ಅವುಗಳಲ್ಲಿ ಅನೇಕವು ಅಂಡ, ವೀರ್ಯಾಣುಗಳ ರಚನೆಯ ಕಾಲದಲ್ಲಿ ಕೆಲಸ ಮಾಡುವಂಥವು. ಬೇಡದ ಜೀನನ್ನು ನಮ್ಮ ದೇಹವು ಸುಮ್ಮನಿರಿಸುತ್ತದೆ; ಹುಳುವಾದರೋ ಕಿತ್ತೆಸೆಯುತ್ತದೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಮನುಷ್ಯನ ಕರುಳಿನ ದುಂಡುಹುಳು ಹಂದಿಯ ಹುಳುವಿಗೆ ಅತಿ ಸಮೀಪದ ಬಂಧು. ಅದರ ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಮಣ್ಣು ಸೇರಿದ ಅವು ತೊಳೆಯದ ಕೈಗಳ ಮೂಲಕ ಬಾಯಿಗೆ ಬಂದು, ಮಕ್ಕಳ ಪೋಷಣೆಯನ್ನು ಕುಗ್ಗಿಸುತ್ತವೆ. ಅದಕ್ಕಾಗಿಯೇ ನಮ್ಮ ದೇಶದ ಶಾಲೆಗಳಲ್ಲಿ 2015ರಿಂದ ಜಂತುಹುಳು ನಿವಾರಣಾ ದಿನದಂದು ಆಲ್ಬೆಂಡಜೋಲ್ ಗುಳಿಗೆಯನ್ನು ಕೊಡಲಾಗುತ್ತಿದೆ. ಆದರೆ ಕುರಿಗಳನ್ನು ಕಾಡುವ ಕೆಲವು ಹುಳುಗಳು ಇಂತಹ ಔಷಧಗಳಿಗೆ ಈಗಾಗಲೇ ಮಣಿಯದಂತಾಗಿವೆ. ಹುಳುವಿನ ಬಾಳಿಗೆ ಅತ್ಯಗತ್ಯವಾಗಿದ್ದು ಮನುಷ್ಯನಲ್ಲಿಲ್ಲದ ಜೀನನ್ನು ಗುರುತಿಸಿದರೆ, ಹೊಸ ಔಷಧಕ್ಕೆ ದಾರಿ ತೆರೆಯುತ್ತದೆ. ಶತ್ರುವಿನ ಮರ್ಮವು ಅವನ ಜೀನೋಮಿನಲ್ಲಿಯೇ ಬರೆದಿದೆ.

ಹೇಸಿ ಮುಖ ತಿರುಗಿಸಿದವರಿಗೆ ಹುಳು ಏನನ್ನೂ ಹೇಳಲಿಲ್ಲ. ತಾಳ್ಮೆಯಿಂದ ನೋಡಿದವರಿಗೆ ಆನುವಂಶಿಕತೆಯ ಗುಟ್ಟನ್ನೇ ಬಿಚ್ಚಿಟ್ಟಿತು.

ಅಭ್ಯಾಸ
1. ವರ್ಣತಂತುಗಳ ಅಧ್ಯಯನಕ್ಕೆ ಕುದುರೆಯ ದುಂಡುಹುಳು ಏಕೆ ಅನುಕೂಲವಾಯಿತು?
2. ಬೊವೇರಿ ಕಂಡ ಸೋಜಿಗವನ್ನು ಭತ್ತದ ಹೋಲಿಕೆಯೊಡನೆ ವಿವರಿಸಿರಿ.
3. ಹುಳುವಿನ ಜೀನೋಮನ್ನು ಓದುವುದರಿಂದ ಮನುಷ್ಯನಿಗಾಗುವ ಪ್ರಯೋಜನವೇನು?