ತುರ್ತು ಕರೆ

1935ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಲಂಡನ್ ನಗರದ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಹೊತ್ತಿಕೊಂಡಿತು. ಅದನ್ನು ಕಂಡ ನೆರೆಯವರೊಬ್ಬರು ಅಗ್ನಿಶಾಮಕ ದಳವನ್ನು ಕರೆಯಲು ದೂರವಾಣಿಯನ್ನು ಕೈಗೆತ್ತಿಕೊಂಡರು. ಆದರೆ ವಿನಿಮಯ ಕೇಂದ್ರದಲ್ಲಿ ಅವರ ಕರೆಯು ಸಾಧಾರಣ ಕರೆಗಳೊಡನೆ ಸರದಿಯಲ್ಲಿ ಕಾಯಬೇಕಾಯಿತು. ಆ ಬೆಂಕಿಯಲ್ಲಿ ಐವರು ಮಹಿಳೆಯರು ಮಡಿದರು. ನೆರೆಯವರು ನಡೆದುದನ್ನು 'ದಿ ಟೈಮ್ಸ್' ಪತ್ರಿಕೆಗೆ ಬರೆದರು. ಸರ್ಕಾರವು ವಿಚಾರಣೆ ನಡೆಸಿತು. ಅದರ ಫಲವಾಗಿ 1937ರ ಜೂನ್ 30ರಂದು 999 ಎಂಬ ಸಂಖ್ಯೆ ಬಳಕೆಗೆ ಬಂದಿತು. ಆ ಕರೆ ಬಂದೊಡನೆ ಕೇಂದ್ರದಲ್ಲಿ ಕೆಂಪು ದೀಪ ಉರಿದು ಎಚ್ಚರಿಕೆಯ ಸದ್ದು ಮೊಳಗುತ್ತಿತ್ತು.

ನಮ್ಮ ದೇಶದಲ್ಲಿ ಬಹುಕಾಲ ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101 ಎಂದು ಬೇರೆ ಬೇರೆ ಸಂಖ್ಯೆಗಳಿದ್ದವು. ಈಗ ಎಲ್ಲಕ್ಕೂ 112 ಎಂಬ ಒಂದೇ ಸಂಖ್ಯೆಯಿದೆ. ಹೀಗೆ ಸರದಿಯ ತೊಡಕೇನೋ ನೀಗಿತು. ಕರೆದವರ ಮಾತಿನ ತೊಡಕು ಹಾಗೆಯೇ ಉಳಿದಿದೆ.

"ಸ್ವಾಮೀ, ಬೇಗ ಬನ್ನಿ, ಇಲ್ಲಿ ದೊಡ್ಡ ಅಪಘಾತವಾಗಿದೆ!" ಗಾಬರಿಯಲ್ಲಿ ಬಾಯಿಗೆ ಬರುವುದು ಇಂತಹ ಮಾತೇ. 'ಇಲ್ಲಿ' ಎಂದರೆ ಎಲ್ಲಿ? ಅದು ನಿಂತು ನೋಡುತ್ತಿರುವವನಿಗೆ ಮಾತ್ರ ಗೊತ್ತು. ಕರೆ ಸ್ವೀಕರಿಸುವವರು ದೂರದ ನಗರದಲ್ಲಿ ಕುಳಿತಿರಬಹುದು. ನಿಮ್ಮೂರಿನ ಅರಳಿಕಟ್ಟೆಯನ್ನು ಅವರು ಕಂಡವರಲ್ಲ. ಹೊಸಹಳ್ಳಿ, ರಾಂಪುರ ಎಂಬ ಹೆಸರಿನ ಊರುಗಳಾದರೋ ನಮ್ಮ ನಾಡಿನಲ್ಲಿ ಅನೇಕ. ಆದುದರಿಂದ ಜಿಲ್ಲೆ, ತಾಲ್ಲೂಕುಗಳನ್ನು ಕೂಡಿಸಿಯೇ ಊರಿನ ಹೆಸರು ಹೇಳಬೇಕು.

"ತುಮಕೂರು ಜಿಲ್ಲೆ, ಶಿರಾ ತಾಲ್ಲೂಕು, ಕಳ್ಳಂಬೆಳ್ಳದ ಬಳಿಯ ಹೆದ್ದಾರಿ, ಬೆಂಗಳೂರಿನ ಕಡೆಗೆ ಹೋಗುವ ಬದಿ. ಲಾರಿಯೊಂದು ಬಸ್ಸಿಗೆ ಬಡಿದಿದೆ. ನಾಲ್ವರಿಗೆ ಪೆಟ್ಟಾಗಿದೆ; ಚಾಲಕ ಒಳಗೆ ಸಿಕ್ಕಿಕೊಂಡಿದ್ದಾನೆ." ಈ ಮಾತುಗಳಿಗೆ ಅರ್ಧ ನಿಮಿಷವೂ ಬೇಡ. ಸ್ಥಳವನ್ನು ಮೊದಲು ಹೇಳಿರುವುದನ್ನು ಗಮನಿಸಿರಿ. ನಡುವೆ ಕರೆ ಕಡಿದುಹೋದರೂ ವಾಹನ ಎಲ್ಲಿಗೆ ಹೊರಡಬೇಕೆಂಬುದು ತಿಳಿದಿರುತ್ತದೆ. ಹೆದ್ದಾರಿಯ ಯಾವ ಬದಿ ಎಂಬುದೂ ಸಣ್ಣ ವಿಷಯವಲ್ಲ. ನಡುವೆ ವಿಭಜಕವಿರುವ ರಸ್ತೆಯಲ್ಲಿ ಎದುರು ಬದಿಗೆ ಬಂದ ವಾಹನ ತಿರುಗಿ ಬರಲು ಬಹುದೂರ ಸಾಗಬೇಕಾದೀತು. ಸಿಕ್ಕಿಕೊಂಡವನ ಸುದ್ದಿ ತಿಳಿದರೆ ಲೋಹ ಕತ್ತರಿಸುವ ಸಾಧನವೂ ಜೊತೆಗೆ ಬರುತ್ತದೆ.

"ಇಷ್ಟೆಲ್ಲ ಪ್ರಶ್ನೆ ಏಕೆ? ಮೊದಲು ಬನ್ನಿ" ಎಂದು ಸಿಡುಕುವವರುಂಟು. ವಿವರ ಕೇಳುವವರು ಒಬ್ಬರು, ವಾಹನ ಕಳುಹಿಸುವವರು ಇನ್ನೊಬ್ಬರು; ಉತ್ತರಿಸುವುದರಿಂದ ವಾಹನ ತಡವಾಗುವುದಿಲ್ಲ. ಅವರು ಸಾಕೆನ್ನುವವರೆಗೆ ಕರೆಯನ್ನು ಮುಗಿಸಬಾರದು.

ಓಡಿಹೋದ ವಾಹನದ ಸಂಖ್ಯೆಯನ್ನು ಹೇಳುವಾಗ ಅಂಕಿಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವುದು ಲೇಸು. ಗದ್ದಲದಲ್ಲಿ 'ಎಪ್ಪತ್ತು' ಎಂದುದು 'ಎಂಬತ್ತು' ಎಂದು ಕೇಳಿಸಬಹುದು. 'ಏಳು, ಸೊನ್ನೆ' ಎಂದರೆ ಆ ಸಂದೇಹವಿಲ್ಲ. ಸಂಖ್ಯೆ ಪೂರ್ತಿ ಕಾಣದಿದ್ದರೆ ಕಂಡಷ್ಟನ್ನೇ ಹೇಳಬೇಕು, ಊಹೆಯಿಂದ ತುಂಬಬಾರದು. ಕೈತಪ್ಪಿ 112 ಒತ್ತಿದಿರೋ, ಹೆದರಿ ಕರೆಯನ್ನು ಕಡಿಯದೆ, ತಪ್ಪಾಗಿ ಬಂದ ಕರೆಯೆಂದು ತಿಳಿಸಿಬಿಡಿರಿ. ಇಲ್ಲವಾದರೆ ಆಪತ್ತಿನಲ್ಲಿದ್ದೀರೆಂದು ತಿಳಿದು ಅವರು ನಿಮ್ಮನ್ನು ಮರಳಿ ಕರೆಯುವುದರಲ್ಲಿ ತೊಡಗಬೇಕಾಗುತ್ತದೆ.