ಬ್ಯಾಟಿಗೆ ಮೊಳೆ ಹೊಡೆಯಬೇಡಿ

ಸುಗ್ಗಿ ಮುಗಿದರೆ ಸಾಕು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಖಾಲಿ ಹೊಲಗಳಲ್ಲಿ ವಿಕೆಟ್ ನೆಟ್ಟುಬಿಡುತ್ತಾರೆ. ಈಚೆಗೆ ಇನ್ನೊಂದು ಹವ್ಯಾಸ ಸೇರಿಕೊಂಡಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಹುಡುಗರು ತಾವೇ ಬ್ಯಾಟು ಕೆತ್ತುತ್ತಿದ್ದಾರೆ. ಒಳ್ಳೆಯದೇ. ಆದರೆ ಹಾಗೆ ಮಾಡಿದ ಬ್ಯಾಟುಗಳನ್ನು ಕೈಗೆತ್ತಿಕೊಂಡರೆ ಅವೇ ಮೂರು ತಪ್ಪುಗಳು: ಮರ ಭಾರ, ಹಲಗೆ ಹಸಿ, ಹಿಡಿಕೆಗೆ ಮೊಳೆ. ಮೊದಲ ಎರಡನ್ನು ಒಂದೊಂದು ಮಾತಿನಲ್ಲಿ ತಿದ್ದಬಹುದು. ಮೂರನೆಯದಕ್ಕೇ ಈ ಲೇಖನದ ಹೆಚ್ಚಿನ ಜಾಗ ಮೀಸಲು.

ನಿಯಮ ಏನು ಹೇಳುತ್ತದೆ?

ಬ್ಯಾಟಿನ ಒಟ್ಟು ಉದ್ದ 38 ಇಂಚು ಮೀರಬಾರದು. ಅಗಲ 4.25 ಇಂಚು, ದಪ್ಪ 2.64 ಇಂಚು, ಅಂಚು 1.56 ಇಂಚು. ಇವು ಗರಿಷ್ಠ ಮಿತಿಗಳು. ದಪ್ಪ ಮತ್ತು ಅಂಚಿನ ಮಿತಿ 2017ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹಲಗೆ ಮರದ್ದೇ ಆಗಿರಬೇಕು. 1979ರಲ್ಲಿ ಪರ್ತ್‌ನ ಟೆಸ್ಟಿನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದ ಗಲಾಟೆಯ ನಂತರ ಈ ಮಾತು ನಿಯಮಪುಸ್ತಕಕ್ಕೆ ಸೇರಿತು. ದೊಡ್ಡವರ ‘ಶಾರ್ಟ್ ಹ್ಯಾಂಡಲ್’ ಬ್ಯಾಟು ಸುಮಾರು 34 ಇಂಚು ಇರುತ್ತದೆ. ಅದರಲ್ಲಿ ಹಲಗೆ 22 ಇಂಚು, ಉಳಿದದ್ದು ಹಿಡಿಕೆ. ತೂಕ 1,100ರಿಂದ 1,250 ಗ್ರಾಂ ಇದ್ದರೆ ಸರಿ. ಹಿನ್ನೆಲೆ ಇಷ್ಟು ಸಾಕು.

ಯಾವ ಮರ?

ಕೂರಿಗೆ, ಕುಂಟೆಗೆ ಒಗ್ಗುವ ಗಟ್ಟಿ ಮರವೇ ಬ್ಯಾಟಿಗೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ತಪ್ಪು. ಬಳ್ಳಾರಿ ಜಾಲಿ, ಕಮರ, ಬೇವು ಮೂರೂ ಬೇಡ. ಜಾಲಿ, ಕಮರದ ಬ್ಯಾಟನ್ನು ಎತ್ತುವಷ್ಟರಲ್ಲಿ ಚೆಂಡು ಕೀಪರ್ ಕೈಯಲ್ಲಿರುತ್ತದೆ. ಬ್ಯಾಟಿಗೆ ಬೇಕಾದದ್ದು ಹಗುರವಾಗಿದ್ದೂ ಪೆಟ್ಟಿಗೆ ಸೀಳದ ಮರ. ಆ ಗುಣ ವಿಲೋದಲ್ಲಿದೆ. ಅದರ ತೂಕ ತೇಗಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನಮ್ಮ ದೇಶದಲ್ಲಿ ವಿಲೋ ಬೆಳೆಯುವುದು ಮುಖ್ಯವಾಗಿ ಕಾಶ್ಮೀರದಲ್ಲಿ. ಅನಂತನಾಗ್ ಜಿಲ್ಲೆಯ ಸಂಗಮ್, ಬಿಜ್‌ಬಿಹಾರಾ ಸುತ್ತಮುತ್ತ ಬ್ಯಾಟಿನ ಕಾರ್ಖಾನೆಗಳು ಸಾಲುಗಟ್ಟಿವೆ. ಉಳಿದ ದೊಡ್ಡ ಕೇಂದ್ರಗಳು ಮೀರತ್ ಮತ್ತು ಜಲಂಧರ್.

ಕಲಿಯುವವರು ಕೆಳಗಿನ ಕ್ರಮ ಬಿಡಬೇಡಿ.

1. ಮೊದಲ ಬ್ಯಾಟನ್ನು ಮೊದಲಿನಿಂದ ಮಾಡಬೇಡಿ. ಹಿಡಿಕೆ ಮುರಿದು ಮೂಲೆ ಸೇರಿದ ಕಾಶ್ಮೀರ್ ವಿಲೋ ಬ್ಯಾಟು ಪ್ರತಿ ಊರಿನ ತಂಡದಲ್ಲೂ ಇರುತ್ತದೆ. ಅದನ್ನು ಕೇಳಿ ತಂದು ಹೊಸ ಹಿಡಿಕೆ ಕೂರಿಸಿ. ಬೆತ್ತದ ಸಿದ್ಧ ಹಿಡಿಕೆಗಳು ಕ್ರೀಡಾ ಸಾಮಗ್ರಿ ಅಂಗಡಿಗಳ ಮೂಲಕವೂ ಆನ್‌ಲೈನಿನಲ್ಲೂ ಸಿಗುತ್ತವೆ.

2. ಎರಡನೆಯದಕ್ಕೆ ಟೆನಿಸ್ ಚೆಂಡಿನ ಬ್ಯಾಟು. ಇದಕ್ಕೆ ಹೆಬ್ಬೇವು ನಡೆಯುತ್ತದೆ. ಪ್ಲೈವುಡ್‌ಗಾಗಿ ರೈತರು ಬೆಳೆಸುವ ಈ ಮರ ಸಾಮಿಲ್‌ಗಳಲ್ಲಿ ಸಿಗುತ್ತದೆ, ಹಗುರವೂ ಹೌದು. ಲೆದರ್ ಚೆಂಡಿಗೆ ಮಾತ್ರ ಇದನ್ನು ಒಡ್ಡಬೇಡಿ. ಸ್ವಂತ ಹೊಲದ ಮರ ಕಡಿಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಹೊಲದ ಮರಕ್ಕೂ ಅನ್ವಯಿಸುತ್ತದೆ.

3. ಕೈ ಪಳಗಿದ ಮೇಲೆ ಲೆದರ್ ಚೆಂಡಿನ ಬ್ಯಾಟು. ಇದಕ್ಕೆ ಕಾರ್ಖಾನೆಯಲ್ಲಿ ಪ್ರೆಸ್ ಮಾಡಿದ ವಿಲೋ ಹಲಗೆಯನ್ನೇ ಕೊಳ್ಳಿ. ಕಾರ್ಖಾನೆಯ ಉರುಳೆಗಳು ಹಲಗೆಯ ಮುಖವನ್ನು ಒತ್ತಿ ಗಟ್ಟಿ ಮಾಡುತ್ತವೆ. ಆ ಒತ್ತಡವನ್ನು ಮನೆಯಲ್ಲಿ ಸುತ್ತಿಗೆ ಬಡಿದು ತರಲಾಗದು. ಪ್ರೆಸ್ ಆಗದ ಹಲಗೆಗೆ ಲೆದರ್ ಚೆಂಡು ಬಿದ್ದರೆ ಮೊದಲ ಓವರಿನಲ್ಲೇ ಕುಳಿ ಬೀಳುತ್ತದೆ.

ಹಲಗೆ ನೋಡುವ ಬಗೆ

ಹಲಗೆಯ ಮುಖದ ಮೇಲೆ ಎಳೆಗಳು ಉದ್ದಕ್ಕೆ ನೇರವಾಗಿ ಓಡಿರಬೇಕು, ಗಂಟು ಇರಬಾರದು. ಇದು ಎಲ್ಲರಿಗೂ ಗೊತ್ತು. ಹಲಗೆಯ ತುದಿಯನ್ನು ಮಾತ್ರ ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ ಮರದ ಬಳೆಗಳ ಗೆರೆಗಳು ಮುಖದಿಂದ ಬೆನ್ನಿಗೆ ನೆಟ್ಟಗೆ ಇಳಿದಿರಬೇಕು. ಮುಖಕ್ಕೆ ಸಮಾಂತರವಾಗಿ ಅಡ್ಡ ಮಲಗಿದ್ದರೆ ಕೆಲವೇ ದಿನಗಳಲ್ಲಿ ಮುಖ ಪದರ ಪದರವಾಗಿ ಏಳುತ್ತದೆ. ಸಾಮಿಲ್‌ನಲ್ಲಿ ಹೆಬ್ಬೇವು ಕೊಯ್ಯಿಸುವಾಗ ಇದನ್ನು ಮೊದಲೇ ಹೇಳಿ. ಕೊಯ್ದ ಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಹಸಿ ಹಲಗೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಹಲಗೆಯ ಎರಡು ತುದಿ ಬೇಗ ಒಣಗುತ್ತವೆ, ನಡು ಹಸಿಯಾಗಿಯೇ ಉಳಿಯುತ್ತದೆ. ಆ ಎಳೆದಾಟಕ್ಕೆ ತುದಿ ಬಿರಿಯುತ್ತದೆ. ತುದಿಗಳಿಗೆ ಕರಗಿಸಿದ ಮೇಣ ಬಳಿದು, ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಪೇರಿಸಿ. ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಹಲಗೆ ಒಣಗಿತು ಎಂದರ್ಥ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಜಾತ್ರೆಯ ಟೂರ್ನಿಗೆ ಬ್ಯಾಟು ಬೇಕೆಂದು ಅವಸರ ಮಾಡುವವರು ಅಂಗಡಿಯಿಂದ ಕೊಂಡು ಆಡಲಿ.

ಬೇಕಾದ ಸಾಮಾನು

ಸಣ್ಣ ಹಲ್ಲಿನ ಗರಗಸ, ಅರ್ಧ ಇಂಚು ಮತ್ತು ಒಂದಿಂಚಿನ ಉಳಿ, ಕೊಡತಿ, ಕೀಸುಳಿ, ಮರದ ಅರ, ಬೈರಿಗೆ, ಮೂಲೆಮಟ್ಟ, ನೂಲು, ಎರಡು ಕ್ಲಾಂಪು, 80, 120, 240 ನಂಬರಿನ ಉಪ್ಪುಕಾಗದ, ನೀರು ತಡೆಯುವ ಮರದ ಅಂಟು. ಉಳಿ ಮಸೆಯಲು ಬರದಿದ್ದರೆ ಬೇರೆಲ್ಲಕ್ಕೂ ಮೊದಲು ಅದನ್ನು ಕಲಿಯಿರಿ. ಊರಿನ ಬಡಿಗೇರರ ಹತ್ತಿರ ಕೂತರೆ ಒಂದು ಮಧ್ಯಾಹ್ನದ ಪಾಠ. ಮೊಂಡು ಉಳಿಗೆ ಬಲ ಹಾಕಿದಾಗಲೇ ಬೆರಳು ಹೋಗುವುದು.

ಬೆಸುಗೆ: ಬ್ಯಾಟಿನ ಜೀವ ಇಲ್ಲಿದೆ

ಹಿಡಿಕೆ ಮತ್ತು ಹಲಗೆ ಬೇರೆ ಬೇರೆ ಏಕೆ? ಒಂದೇ ಮರದಲ್ಲಿ ಎರಡನ್ನೂ ಕೆತ್ತಿದರೆ ಚೆಂಡಿನ ಪೆಟ್ಟು ಪೂರ್ತಿ ಮುಂಗೈಗೆ ಏರುತ್ತದೆ. ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಅಂಟಿಸಿದ ಹಿಡಿಕೆ ಆ ಅದುರನ್ನು ನುಂಗುತ್ತದೆ. ಹಿಡಿಕೆಯ ಕೆಳತುದಿ ಬೆಣೆಯ ಆಕಾರದಲ್ಲಿ ಇಳಿದು, ಹಲಗೆಯ ಮೇಲ್ಭಾಗದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೊರೆದ ಜಾಗದಲ್ಲಿ ಸುಮಾರು ಐದು ಇಂಚು ಒಳಗೆ ಕೂರುತ್ತದೆ. ಹೊಡೆದ ಪ್ರತಿ ಚೆಂಡಿನ ಸೆಳೆತವನ್ನೂ ತಡೆಯುವುದು ಈ ಐದಿಂಚು.

ಇದನ್ನು ಸಡಿಲವಾಗಿ ಕೊರೆದು, ಅಲುಗಾಡಿದಾಗ ಎರಡು ಮೊಳೆ ಜಡಿಯುವುದು ನಮ್ಮಲ್ಲಿ ಸಾಮಾನ್ಯ. ಸ್ವಲ್ಪ ನಾಜೂಕಿನವರು ಸ್ಕ್ರೂ ಹಾಕುತ್ತಾರೆ. ಇನ್ನೂ ನಾಜೂಕಿನವರು ಸಂದಿಗೆ ಮರದ ಹೊಟ್ಟು, ಅಂಟು ಕಲಸಿ ತುಂಬುತ್ತಾರೆ, ಇಲ್ಲವೇ ಎಂ-ಸೀಲ್ ಮೆತ್ತುತ್ತಾರೆ. ನಾಲ್ಕೂ ಒಂದೇ ತಪ್ಪಿನ ನಾಲ್ಕು ರೂಪ. ಮೊಳೆ ಹಲಗೆಯ ಭುಜದಲ್ಲಿ ಎಳೆಗಳ ನಡುವೆ ನುಗ್ಗಿ ಸೀಳಿಗೆ ದಾರಿ ಮಾಡುತ್ತದೆ. ಚೆಂಡು ಬಡಿದಂತೆಲ್ಲ ತೂತು ಹಿಗ್ಗುತ್ತದೆ. ಕೊನೆಗೆ ಭುಜ ಕಿತ್ತು ಹಿಡಿಕೆ ಕೈಯಲ್ಲಿ, ಹಲಗೆ ಕವರ್ಸ್‌ನಲ್ಲಿ. ಅದು ಯಾರ ಹಣೆಗೂ ಬೀಳಬಹುದು. ಹೊಟ್ಟು ತುಂಬಿದ ಅಂಟಿಗೂ ಬಲವಿಲ್ಲ. ಮರಕ್ಕೆ ಮರ ಒತ್ತಿ ಕೂತು ನಡುವೆ ತೆಳುವಾಗಿ ಹರಡಿದಾಗ ಮಾತ್ರ ಮರದ ಅಂಟು ಹಿಡಿಯುತ್ತದೆ. ಸಂದಿ ತುಂಬುವ ಕೆಲಸ ಅದರದ್ದಲ್ಲ.

ಸರಿಯಾದ ಕ್ರಮ ಹೀಗಿದೆ.

*ಹಳೆಯ ಹಿಡಿಕೆ ತೆಗೆಯುವುದು:* ಭುಜದ ಮಟ್ಟಕ್ಕೆ ಹಿಡಿಕೆಯನ್ನು ಕೊಯ್ಯಿರಿ. ಉಳಿ ಮುಟ್ಟಿಸುವ ಮೊದಲು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅಲ್ಲಿ ಸವರಿ. ಹಿಂದಿನವರ ಮೊಳೆ ಒಳಗಿದ್ದರೆ ತಿಳಿಯುತ್ತದೆ. ಆಮೇಲೆ ಬೆತ್ತದ ಭಾಗಕ್ಕೆ ಬೈರಿಗೆಯಿಂದ ಸಾಲಾಗಿ ತೂತು ಹಾಕಿ, ಉಳಿಯಿಂದ ಚೂರು ಚೂರಾಗಿ ಬಿಡಿಸಿ. ಬೆತ್ತ ಕಂದು, ಸಣ್ಣ ರಂಧ್ರಗಳಿರುತ್ತವೆ. ವಿಲೋ ಬಿಳಿಚು. ಬಿಳಿ ಕಂಡಲ್ಲಿ ನಿಲ್ಲಿಸಿ. ಹಳೆಯ ಅಂಟಿನ ಪೊರೆ ಪೂರ್ತಿ ಹೋಗಬೇಕು. ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ.

*ಗುರುತು:* ಹೊಸ ಹಲಗೆಯಾದರೆ ಮುಖಕ್ಕೂ ಬೆನ್ನಿಗೂ ನೂಲು ಹೊಡೆದು ನಡುಗೆರೆ ಹಾಕಿ. ಹಿಡಿಕೆಯ ಬೆಣೆಯನ್ನು ಆ ಗೆರೆಯ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಸುತ್ತ ಗೀಚಿ. ಪುಸ್ತಕದ ಅಳತೆ ಬೇಡ, ಕೈಯಲ್ಲಿರುವ ಹಿಡಿಕೆಯೇ ಅಳತೆ.

*ಕೊರೆತ:* ಗೆರೆಯ ಒಳಬದಿಗೆ ಗರಗಸ ಹಾಕಿ, ಗೆರೆ ಉಳಿಯಬೇಕು. ಉಳಿದದ್ದನ್ನು ಉಳಿ, ಅರದಿಂದ ತೆಗೆಯಿರಿ. ಜಾಗದ ಎರಡು ಗೋಡೆ ಸಪಾಟಾಗಿರಬೇಕು. ನಡುವೆ ಉಬ್ಬಿದ್ದರೆ ಹಿಡಿಕೆ ಅಲ್ಲೇ ನಿಂತು ಮೇಲೂ ಕೆಳಗೂ ಸಂದಿ ಬಿಡುತ್ತದೆ.

*ಸೀಮೆಸುಣ್ಣದ ಪರೀಕ್ಷೆ:* ಇದನ್ನು ಬಿಟ್ಟವರೇ ಮೊಳೆಗೆ ಕೈ ಹಾಕುವುದು. ಬೆಣೆಗೆ ಬಣ್ಣದ ಸೀಮೆಸುಣ್ಣ ತಿಕ್ಕಿ, ಹಲಗೆಯೊಳಗೆ ಒತ್ತಿ, ಹೊರಗೆ ತೆಗೆಯಿರಿ. ಗೋಡೆಯ ಮೇಲೆ ಬಣ್ಣ ಅಂಟಿದ ಕಡೆ ಮಾತ್ರ ಮರ ಹೆಚ್ಚಾಗಿದೆ. ಅಷ್ಟನ್ನೇ ಅರದಿಂದ ಸವರಿ ಮತ್ತೆ ತಿಕ್ಕಿ, ಮತ್ತೆ ಒತ್ತಿ. ಬಣ್ಣ ಗೋಡೆ ತುಂಬ ಸಮನಾಗಿ ಹರಡುವವರೆಗೂ ಇದೇ ಕೆಲಸ. ಬೇಸರವಾಗುತ್ತದೆ, ಆಗಲಿ. ಕೊನೆಗೆ ಕೈಬಲಕ್ಕೆ ಇಳಿದ ಹಿಡಿಕೆ ಕಾಲಿಂಚಿನಷ್ಟು ಬಾಕಿ ಉಳಿಯಬೇಕು. ಅಷ್ಟನ್ನು ಅಂಟು ಹಚ್ಚಿದ ಮೇಲೆ ಕೊಡತಿ ಇಳಿಸುತ್ತದೆ. ದೀಪಕ್ಕೆ ಹಿಡಿದು ನೋಡಿದರೆ ಸಂದಿಯಲ್ಲಿ ಬೆಳಕು ತೂರಬಾರದು.

*ಓರೆ:* ಹಿಡಿಕೆ ನಡುಗೆರೆಗೆ ನೇರ ಇರಬೇಕು. ಪಕ್ಕದಿಂದ ನೋಡಿದಾಗ ಮಾತ್ರ ಮುಖದ ಕಡೆಗೆ ಕೂದಲೆಳೆಯಷ್ಟು ಬಾಗಿರಲಿ. ಬೆನ್ನಿನ ಕಡೆಗೆ ವಾಲಿದರೆ ನೆಲಕ್ಕೆ ಹೊಡೆದ ಚೆಂಡೂ ಗಾಳಿಗೆ ಏಳುತ್ತದೆ.

*ಅಂಟು:* ಬೆಣೆಗೂ ಗೋಡೆಗೂ ಎರಡೂ ಕಡೆ ತೆಳುವಾಗಿ ಹಚ್ಚಿ. ಕೊಡತಿಯಿಂದ ಹಿಡಿಕೆಯ ತಲೆಗೆ ಮೆಲ್ಲಗೆ ಬಡಿದು ಇಳಿಸಿ. ಸಂದಿಯ ಉದ್ದಕ್ಕೂ ಅಂಟು ಹನಿಹನಿಯಾಗಿ ಹೊರಬಂದರೆ ಸರಿಯಾಗಿ ಕೂತಿದೆ. ಒರೆಸಿ, ಕ್ಲಾಂಪು ಬಿಗಿದು ಒಂದು ಪೂರ್ತಿ ದಿನ ಬಿಡಿ. ಕ್ಲಾಂಪು ಇಲ್ಲದವರು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಎಳೆದು ಸುತ್ತಬಹುದು. ಅದೂ ಚೆನ್ನಾಗಿಯೇ ಬಿಗಿಯುತ್ತದೆ.

ಬಿಹಾರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ರಾಮ್ ಭಂಡಾರಿ, ದ್ರಾವಿಡ್, ತೆಂಡೂಲ್ಕರ್‌ರಂಥವರ ಬ್ಯಾಟು ರಿಪೇರಿ ಮಾಡಿಯೇ ಹೆಸರಾದವರು. ರಿಪೇರಿಯೇನು ಕೀಳು ಕೆಲಸವಲ್ಲ. ನನ್ನ ಮಟ್ಟಿಗೆ, ಒಂದು ಹಿಡಿಕೆ ಬದಲಿಸಿದವನಿಗೆ ಬ್ಯಾಟಿನ ಅರ್ಧ ವಿದ್ಯೆ ಬಂದಂತೆ.

ಕೆತ್ತನೆ

ಹಿಡಿಕೆ ಕೂತ ಮೇಲೆಯೇ ಕೆತ್ತನೆ, ಮೊದಲಲ್ಲ. ಮುಖಕ್ಕೆ ತುಸು ಉಬ್ಬು ಕೊಡಿ. ಬೆನ್ನಿನ ನಡುವೆ ದಿಂಡು ಬಿಟ್ಟು ಎರಡೂ ಅಂಚಿಗೆ ಇಳಿಸುತ್ತ ಬನ್ನಿ. ಅತಿ ದಪ್ಪ ಭಾಗ ತುದಿಯಿಂದ ಸುಮಾರು ಆರು ಇಂಚು ಮೇಲಿರಲಿ. ಚೆಂಡು ಚೆನ್ನಾಗಿ ಸಿಡಿಯುವುದು ಅಲ್ಲಿಂದಲೇ. ಕೀಸುಳಿಯನ್ನು ದಪ್ಪ ಕಡೆಯಿಂದ ತೆಳು ಕಡೆಗೆ ಓಡಿಸಿ. ಎದುರು ಓಡಿಸಿದರೆ ಎಳೆ ಕಿತ್ತು ಬರುತ್ತದೆ. ಹಿಡಿಕೆ ಹಲಗೆಗೆ ಸೇರುವ ಭುಜವನ್ನು ಅಂದಕ್ಕಾಗಿ ಸಣ್ಣ ಮಾಡಬೇಡಿ. ಪದೇ ಪದೇ ತೂಗಿ: ತೆಗೆದ ಮರ ಮತ್ತೆ ಅಂಟುವುದಿಲ್ಲ. ಟೆನಿಸ್ ಬ್ಯಾಟಾದರೆ ಬೆನ್ನನ್ನು ಗುಳಿಯಾಗಿ ತೋಡಿ ಹಗುರ ಮಾಡಬಹುದು. ಕೊನೆಗೆ 80, 120, 240 ಈ ಕ್ರಮದಲ್ಲಿ ಉಪ್ಪುಕಾಗದ ಹಿಡಿದು, ನುಣುಪಾದ ಗಾಜಿನ ಬಾಟಲಿಯಿಂದ ಮುಖ ಮತ್ತು ಅಂಚನ್ನು ಒತ್ತಿ ಉಜ್ಜಿ. ಮರದ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಳಿದವು, ಚುಟುಕಾಗಿ

* ಹಿಡಿಕೆಗೆ ಅಂಟು ಸವರಿ ಗಟ್ಟಿ ನೂಲನ್ನು ಒತ್ತೊತ್ತಾಗಿ ಸುತ್ತಿ. ಒಣಗಿದ ಮೇಲೆ ರಬ್ಬರ್ ಗ್ರಿಪ್.
* ಹಸಿ ಅಗಸೆ ಎಣ್ಣೆ ಒಂದು ಚಮಚ, ಬಟ್ಟೆಯಲ್ಲಿ ಅದ್ದಿ ಮುಖ, ಅಂಚು, ತುದಿ, ಬೆನ್ನಿಗೆ ಸವರಿ. ಒಂದೊಂದು ದಿನ ಬಿಟ್ಟು ಮೂರು ಸಲ. ಬೆಸುಗೆಗೆ ತಾಗಿಸಬೇಡಿ. ಪೇಂಟ್ ಅಂಗಡಿಯ ‘ಬಾಯಿಲ್ಡ್’ ಎಣ್ಣೆ ಬೇಡ.
* ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯೇರಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ.
* ಲೆದರ್ ಚೆಂಡಿನ ಬ್ಯಾಟನ್ನು ಮರದ ಕೊಡತಿಯಿಂದ ಮೆಲ್ಲಗೆ ಶುರು ಮಾಡಿ, ದಿನಕ್ಕಷ್ಟು ಎಂದು ನಾಲ್ಕಾರು ತಾಸು ಬಡಿದು ಪಳಗಿಸಿ. ಅಂಚಿಗೆ ಓರೆಯಾಗಿ ಬಡಿಯಿರಿ, ನೇರ ಬೇಡ.
* ತಗಡಿನ ಶೆಡ್ಡಿನಲ್ಲಿ, ನಿಂತ ಕಾರಿನಲ್ಲಿ ಬ್ಯಾಟು ಇಡಬೇಡಿ.
* ದೊಡ್ಡ ಕಂಪನಿಯ ಸ್ಟಿಕ್ಕರ್ ಅಂಟಿಸುವ ಚಪಲ ಬಿಡಿ. ಅದರ ಬದಲು ಮರ, ತೂಕ, ತಾರೀಕನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಬ್ಯಾಟಿನಲ್ಲಿ ಎಲ್ಲಿ ಕೀಸಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಆ ಲೆಕ್ಕವೇ ಆಧಾರ.