ಟೈಲ್ಸ್ ಕೂರಿಸುವ ಮೊದಲೇ ಚೀಟಿ ಬರೆಸಿ

ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ ಮೂರು ತಿಂಗಳಾಗಿತ್ತು. ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬತೊಡಗಿತು. ಮೇಸ್ತ್ರಿಗೆ ಫೋನ್ ಮಾಡಿದರೆ "ಮಾಲೇ ಸರಿಯಿಲ್ಲ ಸಾರ್" ಎಂದ. ಅಂಗಡಿಯವರು "ಕೂರಿಸಿದ್ದು ನಾವಲ್ಲವಲ್ಲ" ಎಂದರು. ಪ್ಲಂಬರ್ ಇಬ್ಬರನ್ನೂ ಬೈದು ಹೋದ. ನನ್ನ ಕೈಯಲ್ಲಿದ್ದದ್ದು ಕೂಡಿಸಿ ಕಳೆದ ಲೆಕ್ಕದ ಒಂದು ಹಾಳೆ. ಅದರಲ್ಲಿ ಸಹಿಯೂ ಇಲ್ಲ, ತಾರೀಖೂ ಇಲ್ಲ. ಊರಿಗೆಲ್ಲ ಕಾನೂನು ಹೇಳುವವನ ಮನೆಯ ಕಥೆಯೇ ಇದು, ನಗುವವರು ನಗಬಹುದು.

ಬಾಗಿಲು ಸರಿಯಾಗಿ ಕೂರದಿದ್ದರೆ ಕಣ್ಣಿಗೆ ಕಾಣುತ್ತದೆ. ಬಚ್ಚಲಿನ ಕೆಲಸ ಹಾಗಲ್ಲ. ವಾಟರ್‌ಪ್ರೂಫಿಂಗ್ ಎಷ್ಟು ಕೋಟ್ ಬಳಿದರು, ನೆಲಕ್ಕೆ ವಾಟ ಕೊಟ್ಟರೋ ಇಲ್ಲವೋ, ನಾಹ್ನಿ ಟ್ರ್ಯಾಪಿನ ಸುತ್ತ ಏನು ತುಂಬಿದರು ಎಂಬುದನ್ನೆಲ್ಲ ಟೈಲ್ಸ್ ಮುಚ್ಚಿಬಿಡುತ್ತದೆ. ಆಮೇಲೆ ಸಾಬೀತು ಮಾಡಬೇಕೆಂದರೆ ಒಡೆಯಬೇಕು. ಆದ್ದರಿಂದ ಈ ವಿಷಯದಲ್ಲಿ ಹಕ್ಕು ಕಾಯಿದೆಯ ಪುಸ್ತಕದಲ್ಲಿ ಇದ್ದರೆ ಸಾಲದು, ಟೈಲ್ಸ್ ಮುಚ್ಚುವ ಮೊದಲು ತೆಗೆದ ಫೋಟೋದಲ್ಲೂ ಇರಬೇಕು.

1872ರ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಏನು ಮಾತಾಗಿತ್ತು ಎಂದು ತೋರಿಸುವುದು ಯಾರು? ಅದಕ್ಕಾಗಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದರ ಚದರ ಅಡಿಗೋ ಇಡೀ ಕೆಲಸಕ್ಕೋ, ಸಿಮೆಂಟು ಮತ್ತು ಅಂಟು ತರುವವರು ಯಾರು, ವಾಟರ್‌ಪ್ರೂಫಿಂಗ್ ಗೋಡೆಯ ಮೇಲೆ ಎಷ್ಟೆತ್ತರಕ್ಕೆ ಬರಬೇಕು, ಕೆಲಸ ಮುಗಿಯುವ ತಾರೀಖು ಯಾವುದು, ನೀರು ಸೋರಿದರೆ ಯಾರ ಖರ್ಚಿನಲ್ಲಿ ಮತ್ತೆ ಮಾಡಬೇಕು ಎಂಬುದೆಲ್ಲ ಅದರಲ್ಲಿರಲಿ. ಹಣವನ್ನು ಕಂತಿನಲ್ಲಿ ಕೊಡಿ. ಕೊನೆಯ ಹತ್ತು ಪರ್ಸೆಂಟನ್ನು ಒಂದು ತಿಂಗಳು ಸ್ನಾನ ಮಾಡಿ ನೋಡಿದ ಮೇಲೆ ಕೊಡುವುದೆಂದೂ ಬರೆಸಿ. ಇದನ್ನು ಮೇಸ್ತ್ರಿ ಒಪ್ಪುವುದಿಲ್ಲ ಎಂದುಕೊಳ್ಳಬೇಡಿ, ಕೆಲಸ ಬಲ್ಲವನು ಒಪ್ಪುತ್ತಾನೆ.

ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ ನೆಲದ ಮೇಲೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಫೋಟೋ ತೆಗೆಯಿರಿ. ಕೆಳಗಿನ ಮನೆಯ ಚಾವಣಿಯದ್ದೂ ಒಂದು ಇರಲಿ. ಕೂರಿಸುವಾಗ ವಾಟಕ್ಕೆ ರಸಮಟ್ಟ ಇಟ್ಟು ತೋರಿಸುವಂತೆ ಹೇಳಿ. ಮುಗಿದ ಮೇಲೆ ನಾಣ್ಯದಿಂದ ಒಂದೊಂದೇ ಟೈಲನ್ನು ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಗುರುತು ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಮೇಸ್ತ್ರಿಗೆ ಕಳಿಸಿ. ಆತ "ನಾಳೆ ಬರ್ತೀನಿ" ಎಂದು ಉತ್ತರಿಸಿದರೆ ಅದೂ ನಿಮ್ಮ ಪರವಾದ ದಾಖಲೆ. ಫೋನ್ ಬದಲಿಸಿದರೂ ಆ ಸಂದೇಶಗಳನ್ನು ಅಳಿಸಬೇಡಿ.

ಅಂಗಡಿಯ ವಿಷಯ ಬೇರೆ. "ಬಿಲ್ ಇಲ್ಲದಿದ್ದರೆ ಕಡಿಮೆ ಆಗತ್ತೆ" ಎನ್ನುವ ಮಾತಿಗೆ ಮರುಳಾದರೆ ಮುಂದೆ ದೂರಿಗೆ ಆಧಾರವೇ ಇರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಈ ಹಕ್ಕು ಅಳಿಸಿಹೋಗುವುದಿಲ್ಲ. ಆದರೆ ಬಣ್ಣದ ವ್ಯತ್ಯಾಸ, ಅಳತೆಯ ವ್ಯತ್ಯಾಸ ಕಂಡರೆ ಕೂರಿಸುವ ಮೊದಲೇ ಹೇಳಬೇಕು. ಎಲ್ಲ ಡಬ್ಬಿಗಳ ಬ್ಯಾಚ್ ನಂಬರ್, ಶೇಡ್ ಒಂದೇ ಇದೆಯೇ ನೋಡಿ, ಡಬ್ಬಿಯ ಒಂದು ಬದಿಯ ರಟ್ಟನ್ನಾದರೂ ಇಟ್ಟುಕೊಳ್ಳಿ. ಸೆರಾಮಿಕ್ ಟೈಲ್ಸ್‌ಗೆ ಭಾರತೀಯ ಮಾನಕ ಐಎಸ್ 15622 ಇದೆ, ಟೈಲ್ಸ್ ಅಂಟಿಗೆ ಐಎಸ್ 15477.

ಮೇಸ್ತ್ರಿಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹೋಗಬಹುದು, ಒಂದು ಎಚ್ಚರಿಕೆಯೊಂದಿಗೆ. ದಿನಗೂಲಿ ಕೊಟ್ಟು ನೀವೇ ಪಕ್ಕದಲ್ಲಿ ನಿಂತು ಹೀಗೆ ಮಾಡು ಹಾಗೆ ಮಾಡು ಎಂದು ಮಾಡಿಸಿದ್ದರೆ ಆತ ನಿಮ್ಮ ಆಳು, ನೀವು ಗ್ರಾಹಕರಲ್ಲ ಎಂಬ ವಾದ ಏಳುತ್ತದೆ. ಇಡೀ ಕೆಲಸವನ್ನು ಗುತ್ತಿಗೆಗೆ ಒಪ್ಪಿಸಿದ್ದರೆ ಅದು ಸೇವೆ. ಈ ಎರಡರ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ 1995ರಲ್ಲೇ, ವೈದ್ಯರ ಸೇವೆಗೆ ಸಂಬಂಧಿಸಿದ ವಿ.ಪಿ. ಶಾಂತಾ ಪ್ರಕರಣದಲ್ಲಿ ಎಳೆದಿದೆ. ಚೀಟಿಯಲ್ಲಿ ದರ ಹೇಗೆಂದು ಬರೆಸಬೇಕೆಂದದ್ದು ಇದಕ್ಕೇ.

ತಪ್ಪು ಕಂಡ ಕೂಡಲೇ ಒಡೆಯಲು ಹೋಗಬೇಡಿ. ಮೊದಲು ಫೋಟೋ, ವಿಡಿಯೋ ಮಾಡಿಟ್ಟು, ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರ್‌ನಿಂದ ಸಹಿ ಇರುವ ವರದಿ ಪಡೆಯಿರಿ. ದೋಷವೇನು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಇದನ್ನು ವಕೀಲರೇ ಬರೆಯಬೇಕೆಂದಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಅಲ್ಲೇ; 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಬಚ್ಚಲಿನ ಕೆಲಸ ಇದನ್ನು ದಾಟುವುದು ಅಪರೂಪ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ನೀವೇ ವಾದಿಸಬಹುದು. ಎದುರಿನವರು 30 ದಿನದಲ್ಲಿ ಉತ್ತರಿಸಬೇಕು. ಆಯೋಗ ಮತ್ತೆ 15 ದಿನ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ತೀರ್ಪಿಗೆ ಕಾಯಿದೆ ಹೇಳುವುದು ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು. ವಾಸ್ತವದಲ್ಲಿ ಇಷ್ಟರಲ್ಲಿ ಮುಗಿಯುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಬಿಲ್ಡರ್‌ನಿಂದ ಕೊಂಡ ಫ್ಲ್ಯಾಟಾದರೆ ನಿಮ್ಮ ಕೈ ಇನ್ನೂ ಬಲ. ರೇರಾ ಕಾಯಿದೆಯ 14(3)ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸಗಾರಿಕೆಯಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ನೀವು ಗಮನಕ್ಕೆ ತಂದರೆ, ಬಿಲ್ಡರ್ 30 ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ಆದರೆ ನೀವೇ ಟೈಲ್ಸ್ ಕಿತ್ತು ಹೊಸದು ಹಾಕಿಸಿದ್ದರೆ "ನಮ್ಮ ವಾಟರ್‌ಪ್ರೂಫಿಂಗ್ ಕೆಡಿಸಿದ್ದು ನೀವೇ" ಎಂಬ ಉತ್ತರ ಖಂಡಿತ ಬರುತ್ತದೆ. ಐದು ವರ್ಷ ತುಂಬದ ಫ್ಲ್ಯಾಟಿನಲ್ಲಿ ಬಚ್ಚಲಿನ ಚೆಂದಕ್ಕೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಗ್ರಾಹಕ ದೂರಿಗಿರುವ ಗಡುವು, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. "ಮುಂದಿನ ವಾರ ಬರ್ತೀನಿ ಸಾರ್" ಎಂಬ ಮಾತಿನಲ್ಲೇ ಅದು ಸವೆದುಹೋಗುತ್ತದೆ. ಗೋಡೆಯಲ್ಲಿ ಮೊದಲ ತೇವ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅವತ್ತೇ ಮೊದಲ ಪತ್ರ ಬರೆಯಿರಿ.